ಶ್ರೀನಿವಾಸಪುರದ ಇಂಜಿನ್ನಿನ ಸವೆತ ಅಳೆದದ್ದು

೧೯೪೪ನೆಯ ಇಸವಿ, ಏಪ್ರಿಲ್ ೧೭. ಈ ತಾರೀಖಿಗೆ ಆಧಾರ ನನ್ನ ಇಂಟರ್‌ಮೀಡಿಯೆಟ್ ತರಗತಿಯ ಭೌತವಿಜ್ಞಾನದ ಪ್ರಾಯೋಗಿಕ ಪುಸ್ತಕ. ಹಿಂಬದಿಯಿಂದ ಎಣಿಸಿದರೆ ಅದರ ನಾಲ್ಕನೆಯ ಪುಟ. ಪುಟದ ನೆತ್ತಿಯಲ್ಲಿ ತಾರೀಖು, ಅದರ ಕೆಳಗೆ ಊರಿನ ಹೆಸರು, ಮತ್ತೆ ಪೆನ್ಸಿಲಿನಲ್ಲಿ ಮೂರು ಸಾಲು ಅಂಕಿಗಳು. ವಾರವನ್ನು ನಾನು ಬರೆದಿರಲಿಲ್ಲ. ತಾರಣ ಸಂವತ್ಸರದ ಹಳೆಯ ಪಂಚಾಂಗವನ್ನು ಹುಡುಕಿ ತೆಗೆದು ನೋಡಿದಾಗ ಅದು ಚೈತ್ರ ಬಹುಳದ ಸೋಮವಾರವೆಂದು ಖಚಿತವಾಯಿತು. ನೆನಪೂ ಅದಕ್ಕೆ ಹೊಂದುತ್ತದೆ. ಅಕ್ಕ ಸೋಮವಾರಗಳಲ್ಲಿ ಒಪ್ಪೊತ್ತು ಇರುತ್ತಿದ್ದಳು, ಮತ್ತು ಆ ಮಧ್ಯಾಹ್ನ ಅವಳು ನಮ್ಮಿಬ್ಬರಿಗೆ ಮಾತ್ರ ಬಡಿಸಿ, ತಾನು ಬಾಗಿಲಲ್ಲಿ ಕುಳಿತು, ಅಂಗಳದಲ್ಲಿ ಬಿಚ್ಚಿ ಹರಡಿದ್ದ ಕಬ್ಬಿಣವನ್ನೇ ನೋಡುತ್ತಿದ್ದಳು.

ನಮ್ಮಿಬ್ಬರಿಗೆ ಎಂದರೆ ನನಗೂ ಭಾವನವರಿಗೂ. ಭಾವ ಮುಳಬಾಗಿಲು ಕಡೆಯವರು. ಮಾಲೂರಿನ ಹೆಂಚಿನ ಭಟ್ಟಿಯೊಂದರಲ್ಲಿ ಇಂಜಿನ್ ನೋಡಿಕೊಳ್ಳುವ ಕೆಲಸ ಕಲಿತು, ಅಕ್ಕನನ್ನು ಮದುವೆಯಾದ ಮೇಲೆ ಶ್ರೀನಿವಾಸಪುರಕ್ಕೆ ಬಂದು, ಪೇಟೆಯ ಅಂಚಿನಲ್ಲಿ ರಾಗಿ ಬೀಸುವ ಮಿಷನ್ನು ಹಾಕಿದರು. ಮದುವೆ ೧೯೩೮ರಲ್ಲಿ, ಲಗ್ನಪತ್ರಿಕೆ ನನ್ನ ಬಳಿ ಇದೆ. ಮಿಷನ್ನು ಹಾಕಿದ ವರ್ಷಕ್ಕೆ ಕಾಗದದ ಆಧಾರ ಸಿಕ್ಕಿಲ್ಲ. 'ಲಡಾಯಿ ಶುರುವಾಗೋ ಮುಂಚೆ' ಎಂದು ಅಕ್ಕ ಹೇಳುತ್ತಿದ್ದುದನ್ನು ನಂಬಿದ್ದೇನೆ. ಬೀಸುವ ಕಲ್ಲುಗಳನ್ನು ತಿರುಗಿಸುತ್ತಿದ್ದುದು ಐದು ಕುದುರೆ ಶಕ್ತಿಯ ಒಂದು ಕ್ರೂಡಾಯಿಲ್ ಇಂಜಿನ್ನು. ಕೊಂಡಾಗಲೇ ಅದು ಯಾರೋ ಬಳಸಿ ಬಿಟ್ಟದ್ದು.

ಆ ವರ್ಷದ ಯುಗಾದಿಯ ಹೊತ್ತಿಗೆ ಇಂಜಿನ್ನಿಗೆ ದಮ್ಮು ಹತ್ತಿತ್ತು. ಹೊಗೆ ನೀಲಿಯಾಗಿ ಬರುತ್ತಿತ್ತು, ಎಣ್ಣೆ ಕುಡಿಯುತ್ತಿತ್ತು; ಒಂದು ಕುಕ್ಕೆ ರಾಗಿಯನ್ನು ಒಮ್ಮೆಲೇ ಸುರಿದರೆ ಪಟ್ಟಿ ಜಾರಿ ಕಲ್ಲು ನಿಂತುಬಿಡುತ್ತಿತ್ತು. ಗೌನಿಪಲ್ಲಿ ಕಡೆಯಿಂದ ಗಾಡಿಯಲ್ಲಿ ರಾಗಿ ತರುತ್ತಿದ್ದವರು ಒಬ್ಬೊಬ್ಬರಾಗಿ ಮನೆಯ ಬೀಸುಕಲ್ಲಿಗೆ ಮರಳಿದರು. ಯುದ್ಧದ ಕಾಲವಾದ್ದರಿಂದ ಹೊಸ ಇಂಜಿನ್ನಿನ ಮಾತೇ ಇರಲಿಲ್ಲ. ಅದೇ ತಿಂಗಳಲ್ಲಿ ತಾಲ್ಲೂಕು ಕಚೇರಿಯ ಮುಂದೆ ಸೈನ್ಯಕ್ಕೆ ಫಿಟ್ಟರುಗಳು ಬೇಕೆಂದು ಕೇಳುವವರು ಬಂದು ಹೋದರು. ಇಂಜಿನ್ ಬಲ್ಲವರಿಗೆ ಪರೀಕ್ಷೆ ಕೂಡ ಇಲ್ಲ ಎಂದು ಹೇಳಿದರಂತೆ.

ನಾನು ರಜಕ್ಕೆ ಮೈಸೂರಿನಿಂದ ಕೋಲಾರದ ನಮ್ಮ ಮನೆಗೆ ಬಂದು, ಅಲ್ಲಿಂದ ಚಿಕ್ಕ ರೈಲಿನಲ್ಲಿ ಅಕ್ಕನ ಮನೆಗೆ ಬಂದ ದಿನ, ಊಟದ ಮುಂದೆ ಭಾವ ನಗುತ್ತಲೇ ಹೇಳಿದ ಮಾತು ಇದು:

"ಈ ಇಂಜಿನ್ ಎದ್ರೆ ನಾನಿಲ್ಲೇ. ಏಳ್ದಿದ್ರೆ ಮಿಲ್ಟ್ರಿ ವರ್ಕ್‌ಷಾಪು. ಮಿಲ್ಟ್ರಿಯೋರು ನಿಮ್ಮಕ್ಕನ ಥರ ಬಯ್ಯಲ್ಲ, ಸಂಬಳಾನೂ ಕೊಡ್ತಾರೆ."

ಅಕ್ಕ ಸಾರಿನ ಪಾತ್ರೆಯನ್ನು ನೆಲಕ್ಕಿಟ್ಟ ಸದ್ದು ಸ್ವಲ್ಪ ಜೋರಾಗಿಯೇ ಇತ್ತು. "ಹೋಗಿ, ಹೋಗಿ. ಹೋಗೋರು ಊಟ ಮಾಡ್ಕೊಂಡ್ ಹೋಗಿ" ಎಂದಳು. ನನ್ನ ಕಡೆ ತಿರುಗಿ, "ನೀನಾದ್ರೂ ಓದಿದೋಳು. ಅದೇನ್ ಬೇಕೋ ನೋಡಿ ಸರಿ ಮಾಡ್ಸೇ" ಎಂದಳು. ಆಗ ಅವಳಿಗೆ ಐದು ತಿಂಗಳು. ಹಿಂದೆ ಎರಡು ಸಲ ನಿಂತಿರಲಿಲ್ಲ.

ಬೆಂಗಳೂರಿನ ಒಂದು ಅಂಗಡಿಯಲ್ಲಿ ಅದೇ ಜಾತಿಯ ಇಂಜಿನ್ನಿನ ಹಿಗ್ಗಿದ ಅಳತೆಯ ಪಿಸ್ಟನ್ನುಗಳು ಇನ್ನೂ ಕೆಲವು ಉಳಿದಿವೆಯೆಂದು ಭಾವ ಕೇಳಿ ತಿಳಿದಿದ್ದರು. ಸಿಲಿಂಡರ್ ಸವೆದು ಅಗಲವಾದರೆ, ಅದನ್ನು ಲೇತ್‌ನಲ್ಲಿ ಇನ್ನಷ್ಟು ಕೊರೆದು ದುಂಡಗೆ ಮಾಡಿ, ಆ ಹೊಸ ಅಗಲಕ್ಕೆ ತಕ್ಕ ದೊಡ್ಡ ಪಿಸ್ಟನ್ ಹಾಕುವುದು ಕ್ರಮ. ಪಿಸ್ಟನ್ನುಗಳು ಎರಡು ಅಳತೆಯಲ್ಲಿ ಸಿಗುತ್ತಿದ್ದವು. ಮೂಲಕ್ಕಿಂತ ಇಂಚಿನ ಸಾವಿರ ಪಾಲಿನಲ್ಲಿ ಇಪ್ಪತ್ತು ಪಾಲು ದೊಡ್ಡದು ಒಂದು, ನಲವತ್ತು ಪಾಲು ದೊಡ್ಡದು ಇನ್ನೊಂದು. ಮಿಸ್ತ್ರಿಗಳು ಅವನ್ನು 'ಇಪ್ಪತ್ತರದು', 'ನಲವತ್ತರದು' ಎನ್ನುತ್ತಿದ್ದರು. ಒಬ್ಬರಿಗೆ ಒಂದೇ ಪಿಸ್ಟನ್. ಕಾಗದದಲ್ಲಿ ಅಳತೆ ಬರೆದು ಕೇಳಬೇಕು. ತಪ್ಪಿದರೆ ಬದಲಿ ಇಲ್ಲ. ಆದ್ದರಿಂದ ಸಿಲಿಂಡರ್ ಎಷ್ಟು ಸವೆದಿದೆಯೆಂಬುದನ್ನು ಮೊದಲು ತಿಳಿಯಬೇಕಿತ್ತು.

ಒಳ ಅಗಲ ಅಳೆಯುವ ಸಾಧನ ಭಾವನವರ ಬಳಿ ಇರಲಿಲ್ಲ. ನಾನು ಕೋಲಾರದ ಹೈಸ್ಕೂಲಿನ ನನ್ನ ಹಳೆಯ ವಿಜ್ಞಾನ ಮೇಷ್ಟರಿಂದ ಎರವಲು ತಂದಿದ್ದ ಸ್ಕ್ರೂಗೇಜು ತಂತಿಯ ದಪ್ಪ ಅಳೆಯುವಂಥದು, ಅಂಗೈಯಗಲದ ಸಿಲಿಂಡರಿಗೆ ಅದು ಏನೂ ಸಾಲದು. ದಾರಿ ಹೊಳೆದದ್ದು ಭಾವನವರಿಗೇ. ಪಿಸ್ಟನ್ನಿಗೆ ತೊಡಿಸುವ ಎರಕದ ಉಂಗುರ ಪೂರ್ತಿ ಮುಚ್ಚಿದ್ದಲ್ಲ. ಅದಕ್ಕೊಂದು ಸೀಳುಬಾಯಿ ಇರುತ್ತದೆ. ಉಂಗುರವನ್ನು ಸಿಲಿಂಡರಿನೊಳಗೆ ಕೂರಿಸಿದರೆ, ಸವೆದು ಅಗಲವಾದಲ್ಲಿ ಬಾಯಿ ಹೆಚ್ಚು ತೆರೆಯುತ್ತದೆ, ಸವೆಯದ ಕಡೆ ಕಡಿಮೆ. ಆ ಬಾಯಿಯನ್ನು ಅಳೆಯುವುದಕ್ಕೆ ಅವರು ಬಳಸುತ್ತಿದ್ದುದು ಕ್ಷೌರದ ಹಳೆಯ ಬ್ಲೇಡುಗಳು. ಎಷ್ಟು ಬ್ಲೇಡು ಒಟ್ಟಿಗೆ ತೂರುತ್ತವೆಯೋ ಅಷ್ಟು ಅಗಲ. ಊರಿನಲ್ಲಿ ಬ್ಲೇಡಿನಲ್ಲಿ ಗಡ್ಡ ತೆಗೆಯುತ್ತಿದ್ದವರು ಬೆರಳೆಣಿಕೆಯಷ್ಟು. ಕಚೇರಿಯ ಗುಮಾಸ್ತರು ಬಿಸಾಡಿದ್ದನ್ನೆಲ್ಲ ಭಾವ ತಂಬಾಕಿನ ಡಬ್ಬಿಯಲ್ಲಿ ಸೇರಿಸಿಟ್ಟಿದ್ದರು. ಅದು ಅವರು ಭಟ್ಟಿಯಲ್ಲಿ ಕಲಿತ ವಿದ್ಯೆ.

ಆ ಸೋಮವಾರ ಬೆಳಿಗ್ಗೆ ಸಿಲಿಂಡರನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಹಳೆಯ ಪಂಚೆಯ ತುಂಡಿನಲ್ಲಿ ಒರೆಸಿ, ಅಂಗಳದ ಮಣೆಯ ಮೇಲೆ ನಿಲ್ಲಿಸಿದರು. ನಾನು ಹತ್ತು ಬ್ಲೇಡುಗಳನ್ನು ಒತ್ತಾಗಿ ಜೋಡಿಸಿ ಸ್ಕ್ರೂಗೇಜಿನಲ್ಲಿ ಹಿಡಿದೆ: ಸರಿಯಾಗಿ ಒಂದು ಮಿಲಿಮೀಟರ್. ಆಗಲೇ ರಾಗಿಯ ಕುಕ್ಕೆ ಹೊತ್ತು ಒಬ್ಬ ಮುದುಕಿ ಬಂದು ನಿಂತಳು. ಬಾಯಿ ತೆರೆದರೆ ಅರ್ಧ ತೆಲುಗು, ಅರ್ಧ ಕನ್ನಡ.

"ಏಂ ಸ್ವಾಮಿ, ಮಿಷನ್ ನಿಂತೋಯ್ತಾ?"

"ನಿಂತಿಲ್ಲ ಅವ್ವಾ, ಕ್ಷೌರ ಮಾಡ್ತಾ ಇದೀವಿ" ಎಂದರು ಭಾವ.

ಮುದುಕಿ ಬ್ಲೇಡುಗಳ ರಾಶಿಯನ್ನೂ ನನ್ನನ್ನೂ ನೋಡಿದಳು. "ದೇವುಡಾ! ಇಷ್ಟು ಬ್ಲೇಡಾ? ಗಡ್ಡ ಅಷ್ಟು ಬಂದೈತಾ ಇದಕ್ಕೆ? ಈ ಪಾಪನೇನಾ ಮಂಗಲಿ?"

ಮಂಗಲಿ ಎಂದರೆ ತೆಲುಗಿನಲ್ಲಿ ಕ್ಷೌರಿಕ. ಬಾಗಿಲಲ್ಲಿದ್ದ ಅಕ್ಕ ಬಹಳ ದಿನಗಳ ಮೇಲೆ ಗಟ್ಟಿಯಾಗಿ ನಕ್ಕಳು. ಆ ಮನೆಯಲ್ಲಿ ಅವಳು ಹಾಗೆ ನಕ್ಕದ್ದನ್ನು ನಾನು ಕಂಡದ್ದು ಅದೇ ಕೊನೆಯೆಂದು ತೋರುತ್ತದೆ. 'ತೋರುತ್ತದೆ' ಎಂದು ಬರೆಯುತ್ತಿದ್ದೇನೆ, ಏಕೆಂದರೆ ಇದಕ್ಕೆ ಬರಹದ ಆಧಾರವಿಲ್ಲ.

ಉಂಗುರವನ್ನು ಪಿಸ್ಟನ್ನಿನ ತಲೆಯಿಂದಲೇ ತಳ್ಳಿ ಮಟ್ಟವಾಗಿ ಕೂರಿಸಿದೆವು. ಸಿಲಿಂಡರಿನ ಕೆಳತುದಿಯಲ್ಲಿ, ಪಿಸ್ಟನ್ ಎಂದೂ ಮುಟ್ಟದ ಕಡೆ, ಉಂಗುರದ ಬಾಯಿಗೆ ನಾಲ್ಕು ಬ್ಲೇಡು ತೂರಿದವು. ನಡುವೆ ಎಂಟು. ಮೇಲುಗಡೆ, ಬೆಂಕಿ ಹೊತ್ತುವ ಜಾಗದ ಹತ್ತಿರ, ಹದಿನಾಲ್ಕು. ಪ್ರಾಯೋಗಿಕ ಪುಸ್ತಕದ ಮೂರು ಸಾಲು ಅಂಕಿಗಳು ಇವೇ. ಮೇಲಿನದರಿಂದ ಕೆಳಗಿನದನ್ನು ಕಳೆದರೆ ಹತ್ತು ಬ್ಲೇಡು, ಅಂದರೆ ಒಂದು ಮಿಲಿಮೀಟರ್. ಅದು ಸುತ್ತಳತೆಯಲ್ಲಿ ಆದ ಹೆಚ್ಚಳ. ವ್ಯಾಸದ ಲೆಕ್ಕಕ್ಕೆ ಅದನ್ನು ಮೂರು ಪಾಯಿಂಟ್ ಒಂದು ನಾಲ್ಕರಿಂದ ಭಾಗಿಸಬೇಕು. ಇದು ಭಾವನವರಿಗೆ ಗೊತ್ತಿರಲಿಲ್ಲ. ನಾನು ಭಾಗಿಸಿ, ಇಂಚಿಗೆ ತಿರುಗಿಸಿ, ಸಾವಿರದಲ್ಲಿ ಹನ್ನೆರಡೂವರೆ ಪಾಲು ಎಂದೆ. ಹನ್ನೆರಡೂವರೆ ಸವೆದಿದ್ದರೆ ಇಪ್ಪತ್ತಕ್ಕೆ ಕೊರೆದಾಗ ಎಲ್ಲ ಸವೆತವೂ ಮಾಯವಾಗಿ, ಮೇಲೆ ಏಳೂವರೆ ಉಳಿಯುತ್ತದೆ. ಇಪ್ಪತ್ತರ ಪಿಸ್ಟನ್ ಧಾರಾಳವಾಗಿ ಸಾಕು.

ಭಾವ ಆ ಅಂಕಿಯನ್ನು ಕೇಳಿಯೂ ಕೇಳದವರಂತೆ ಸಿಲಿಂಡರಿನೊಳಗೆ ಕೈಯಿಟ್ಟು, ತೋರುಬೆರಳಿನ ಉಗುರನ್ನು ಗೋಡೆಯುದ್ದಕ್ಕೆ ಮೇಲಕ್ಕೆ ಎಳೆದರು. ಉಂಗುರ ತಲುಪದ ತೀರ ಮೇಲಿನ ಅಂಚು ಸವೆಯದೆ ಒಂದು ಸಣ್ಣ ಕಟ್ಟೆಯಂತೆ ನಿಂತಿರುತ್ತದೆ. ಅವರು ಅದನ್ನು ಸುತ್ತಲೂ ಉಗುರಿನಿಂದ ತಡವಿದರು.

"ಬಾ ಅಮ್ಮಣ್ಣಿ, ಕೈ ಇಡಿಲ್ಲಿ. ಈ ಪಕ್ಕ ಉಗುರು ನಿಂತ್ಬಿಡ್ತದೆ. ಆ ಪಕ್ಕ ಸಲೀಸಾಗಿ ಜಾರ್ತದೆ. ಗೊತ್ತಾಯ್ತಾ?"

ನಾನು ಇಟ್ಟೆ. ನನ್ನ ಉಗುರಿಗೆ ಏನೂ ಗೊತ್ತಾಗಲಿಲ್ಲ. "ಎರಡೂ ಒಂದೇ ಥರ ಇದೆ ಭಾವ."

"ಒಂದೇ ಥರ ಇಲ್ಲ ಕಣಮ್ಮ. ಪಿಸ್ಟನ್ ಇಳೀವಾಗ ಈ ಗೋಡೆಗೆ ಒರಗ್ಕೊಂಡ್ ಇಳೀತದೆ. ಇಲ್ಲಿ ತಿಂದಿದೆ ಜಾಸ್ತಿ. ನಂಗೇನೋ ನಲವತ್ತರದೇ ಬೇಕು ಅನ್ನಿಸ್ತದೆ."

"ಉಗುರಿಗೆ ದಶಾಂಶ ಬರಲ್ಲ ಭಾವ" ಎಂದೆ.

ಅವರು ನಕ್ಕರು. "ಕೇಳಿದ್ಯೇನೇ? ನಿನ್ ತಂಗಿ ನನ್ ಉಗುರ್ನ ಫೇಲ್ ಮಾಡಿದ್ಲು" ಎಂದು ಅಕ್ಕನಿಗೆ ಕೂಗಿದರು.

"ಅವಳು ಓದಿರೋಳು. ಅವಳು ಹೇಳ್ದಂಗೆ ಬರೆದು ಹಾಕಿ" ಎಂದಳು ಅಕ್ಕ.

ನನ್ನ ತಪ್ಪು ಎಲ್ಲಿತ್ತು ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಲೆಕ್ಕದಲ್ಲಿ ತಪ್ಪಿರಲಿಲ್ಲ, ಆಮೇಲೆ ಎಷ್ಟೋ ಸಲ ಮಾಡಿ ನೋಡಿದ್ದೇನೆ. ಉಂಗುರದ ಬಾಯಿ ಹೇಳುವುದು ಸುತ್ತಳತೆಯೊಂದನ್ನೇ. ಸಿಲಿಂಡರ್ ಎಲ್ಲ ದಿಕ್ಕಿನಲ್ಲೂ ಸಮನಾಗಿ ಹನ್ನೆರಡೂವರೆ ಸವೆದಿದ್ದರೂ ಬಾಯಿ ಅಷ್ಟೇ ತೆರೆಯುತ್ತದೆ. ಒಂದು ದಿಕ್ಕಿನಲ್ಲಿ ಇಪ್ಪತ್ತೆರಡು, ಅದಕ್ಕೆ ಅಡ್ಡಲಾಗಿ ಮೂರು ಸವೆದು ಮೊಟ್ಟೆಯಾಕಾರವಾಗಿದ್ದರೂ ಬಾಯಿ ಅಷ್ಟೇ ತೆರೆಯುತ್ತದೆ. ನಾನು ವೃತ್ತದ ಸೂತ್ರವನ್ನು ವೃತ್ತವಲ್ಲದ್ದಕ್ಕೆ ಹಚ್ಚಿದ್ದೆ. ಹತ್ತೊಂಬತ್ತು ವರ್ಷದ ನನಗೆ ಅದು ವೃತ್ತವೇ ಅಲ್ಲದಿರಬಹುದೆಂಬ ಅನುಮಾನವೇ ಬರಲಿಲ್ಲ. ಅನುಮಾನ ಬಂದವರ ಬಳಿ ಅದನ್ನು ಸಾಧಿಸುವ ಮಾತು ಇರಲಿಲ್ಲ.

ಮರುದಿನ ಇಂಗ್ಲಿಷಿನಲ್ಲಿ ಕಾಗದ ಬರೆದವಳು ನಾನೇ. ಕರಡು ಅದೇ ಪುಸ್ತಕದ ಮುಂದಿನ ಪುಟದಲ್ಲಿದೆ. ಅದರಲ್ಲಿ 'ಇಪ್ಪತ್ತು' ಎಂಬುದನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆದು ಕೆಳಗೆ ಗೆರೆ ಎಳೆದಿದ್ದೇನೆ. ಭಾವ ಸಹಿ ಹಾಕಿದರು. ನಾನೇ ಹೋಗಿ ಅಂಚೆಪೆಟ್ಟಿಗೆಗೆ ಹಾಕಿ ಬಂದೆ. ಏಪ್ರಿಲ್ ಕೊನೆಯ ವಾರದಲ್ಲಿ ನಾನು ಕೋಲಾರಕ್ಕೆ ಮರಳಿದೆ.

ಪಿಸ್ಟನ್ ಬಂದದ್ದು ಜೂನ್ ತಿಂಗಳಲ್ಲಿ. ಭಾವ ಪಿಸ್ಟನ್ನನ್ನೂ ಸಿಲಿಂಡರನ್ನೂ ಗೋಣಿತಾಟಿನಲ್ಲಿ ಸುತ್ತಿಕೊಂಡು, ಲೇತ್ ಇದ್ದ ಬೌರಿಂಗ್‌ಪೇಟೆಗೆ ಹೋಗುವ ಹಾದಿಯಲ್ಲಿ ಕೋಲಾರದಲ್ಲಿ ಇಳಿದು ನಮ್ಮ ಮನೆಗೆ ಬಂದರು. "ಬಂತು ನೋಡಮ್ಮಣ್ಣಿ, ಇಪ್ಪತ್ತರದು" ಎಂದು ನನ್ನ ಕೈಗೆ ಕೊಟ್ಟರು. ನಾನು ಗೆದ್ದವಳಂತೆ ಅದನ್ನು ಹೊರಳಿಸಿ ನೋಡಿದೆ. ಅವರು ಕಾಫಿ ಕುಡಿದು, ನನ್ನನ್ನೂ ಜೊತೆಗೆ ಕರೆದರು. ಬೌರಿಂಗ್‌ಪೇಟೆ ನಮ್ಮೂರಿಂದ ರೈಲಿನಲ್ಲಿ ಒಂದು ಗಂಟೆಯ ದಾರಿ, ನಾನು ಹೋದೆ.

ಲೇತಿನ ಮಿಸ್ತ್ರಿ ಹೊಸ ಪಿಸ್ಟನ್ನಿಗೆ ತಕ್ಕ ಅಗಲದವರೆಗೆ ಎರಡು ಸಲ ಕೊರೆದು, ಸಿಲಿಂಡರನ್ನು ಬಾಗಿಲ ಬೆಳಕಿಗೆ ಹಿಡಿದು, ಭಾವನವರ ಕೈಗೆ ಕೊಟ್ಟ. ಒಳಗೆಲ್ಲ ಹೊಸ ಬೆಳ್ಳಿಯಂತೆ ಹೊಳೆಯುತ್ತಿತ್ತು. ಒಂದು ಪಕ್ಕದಲ್ಲಿ ಮಾತ್ರ, ಭಾವ ಉಗುರು ನಿಲ್ಲುತ್ತದೆ ಎಂದು ತೋರಿಸಿದ್ದ ಕಡೆಯಲ್ಲೇ, ಬಿದಿಗೆಯ ಚಂದ್ರನಂಥ ಒಂದು ಕಪ್ಪು ಕಲೆ ಹಾಗೆಯೇ ಉಳಿದಿತ್ತು. ಅಲ್ಲಿಯ ಸವೆತ ಇಪ್ಪತ್ತನ್ನು ದಾಟಿತ್ತು. ಕೊರೆಯುವ ಉಳಿ ಅದನ್ನು ಮುಟ್ಟಿರಲೇ ಇಲ್ಲ. ಇನ್ನೂ ಕೊರೆದರೆ ಕಲೆ ಹೋಗುತ್ತಿತ್ತು, ಆದರೆ ಪಿಸ್ಟನ್ ಸಡಿಲವಾಗುತ್ತಿತ್ತು.

"ನಲವತ್ತರದು ತಂದಿದ್ರೆ ಆಗ್ತಿತ್ತು" ಎಂದ ಮಿಸ್ತ್ರಿ. "ಅಳೆದೋರು ಯಾರು?"

"ನಾನೇ" ಎಂದರು ಭಾವ.

ಹೊರಗೆ ಬಂದ ಮೇಲೆ ನಾನು ಅಳುತ್ತಿದ್ದೆ. ಭಾವ ಗೋಣಿತಾಟಿನ ಗಂಟನ್ನು ಹೆಗಲು ಬದಲಿಸಿಕೊಂಡು, "ನಿನ್ನಿಂದ ಆಗಿದ್ದಲ್ಲಮ್ಮಣ್ಣಿ ಇದು. ಅಳಬೇಡ" ಎಂದರು. ಶ್ರೀನಿವಾಸಪುರಕ್ಕೆ ಹೋಗಿ ಅಕ್ಕನಿಗೂ ಹಾಗೆಯೇ ಹೇಳಿದರಂತೆ: ಅವಳಿಂದ ಆಗಿದ್ದಲ್ಲ ಎಂದು. ಅಕ್ಕ ಅದನ್ನು ಒಳ್ಳೆಯ ಮನುಷ್ಯನೊಬ್ಬ ಚಿಕ್ಕವಳಿಗೆ ಹೇಳುವ ಸಮಾಧಾನ ಎಂದುಕೊಂಡಳು. ನಾನೂ ಹಾಗೆಯೇ ಅಂದುಕೊಂಡೆ.

ಇಂಜಿನ್ನನ್ನು ಹಾಗೆಯೇ ಜೋಡಿಸಿದರು. ಶ್ರಾವಣದವರೆಗೆ ಅದು ಒಂದಿಷ್ಟು ನಡೆಯಿತು. ಆ ಕಲೆಯ ಹಾದಿಯಲ್ಲೇ ದಮ್ಮು ಸೋರಿ ಉಂಗುರಗಳು ಸುಟ್ಟವು. ಆಮೇಲೆ ಅದು ಏಳಲಿಲ್ಲ. ಅಕ್ಕನಿಗೆ ಮಗು ಹುಟ್ಟಿ ಹನ್ನೊಂದು ದಿನ ಬದುಕಿತ್ತು. ಭಾವ ಹೊರಟದ್ದು ದೀಪಾವಳಿಯ ನಂತರ. ಅವರ ಮೂರು ಕಾಗದಗಳಿವೆ. ಮೂರರಲ್ಲೂ ಊರಿನ ಹೆಸರನ್ನು ಸೈನ್ಯದವರು ಕಪ್ಪು ಮಸಿಯಿಂದ ಅಳಿಸಿದ್ದಾರೆ. ಮೂರನೆಯದರಲ್ಲಿ, ಇಲ್ಲಿ ಲಾರಿಗಳ ಸಿಲಿಂಡರ್ ಅಳೆಯುವುದಕ್ಕೆ ಗಡಿಯಾರದಂಥ ಒಂದು ಯಂತ್ರವಿದೆ, ಅದನ್ನು ಒಳಗಿಟ್ಟು ತಿರುಗಿಸಿದರೆ ಮುಳ್ಳು ತಾನಾಗಿ ಆಡುತ್ತದೆ, ನಿನ್ನ ತಂಗಿ ನೋಡಬೇಕಿತ್ತು ಎಂದು ಬರೆದಿದ್ದಾರೆ. ೧೯೪೫ರ ಬೇಸಗೆಯಲ್ಲಿ ತಂತಿ ಬಂತು: ಈಶಾನ್ಯದ ಒಂದು ಸೈನ್ಯದ ಆಸ್ಪತ್ರೆಯಲ್ಲಿ, ಜ್ವರದಿಂದ.

ಅಕ್ಕ ಮೊದಲು ತವರಿನಲ್ಲಿ, ಅಪ್ಪ ಅಮ್ಮ ಹೋದ ಮೇಲೆ ನನ್ನ ಜೊತೆಯಲ್ಲಿ ಇದ್ದಳು. ನನಗೆ ಕೆಲಸ ಸಿಕ್ಕಿದ ಊರುಗಳಿಗೆಲ್ಲ ಬಂದಳು. ಇಂಜಿನ್ನಿನ ಮಾತನ್ನು ಒಂದು ಸಲವೂ ಆಡಲಿಲ್ಲ. ಆದರೆ ಅಡಿಗೆಮನೆಯಲ್ಲಿ ನಾನು ಅಕ್ಕಿ ಅಳೆಯಲು ಪಾವು ಕೈಗೆತ್ತಿಕೊಂಡರೆ, ಎಲ್ಲಿದ್ದರೂ ಬಂದು, "ಬಿಡೇ, ನಾನ್ ಅಳೀತೀನಿ" ಎಂದು ಕೈಯಿಂದ ತೆಗೆದುಕೊಳ್ಳುತ್ತಿದ್ದಳು. ಸಿಟ್ಟಿನಿಂದಲ್ಲ. ರವಿಕೆಯ ಬಟ್ಟೆಯನ್ನು ದರ್ಜಿಯಿಂದಲೇ ಅಳೆಸುತ್ತಿದ್ದಳು, ಹಾಲಿಗೆ ಹೆಪ್ಪನ್ನು ತಾನೇ ಎರೆಯುತ್ತಿದ್ದಳು. ಜ್ವರದಲ್ಲಿ ಮಲಗಿದಾಗಲೂ ಔಷಧದ ಚಮಚವನ್ನು ನನ್ನ ಕೈಯಿಂದ ಈಸಿಕೊಂಡು, ಬೆಳಕಿಗೆ ಹಿಡಿದು, ಆಮೇಲೆ ಕುಡಿಯುತ್ತಿದ್ದಳು. ಇದು ಮೂವತ್ತು ವರ್ಷಕ್ಕೂ ಹೆಚ್ಚು ನಡೆಯಿತು. ಒಂದು ಸಲ, ಒಂದೇ ಒಂದು ಸಲ, ನಾನು ಕ್ಷಮೆ ಕೇಳಲು ಹೊರಟಾಗ, "ನೀನೇನ್ ಮಾಡ್ತೀಯ, ನಿಮ್ ಭಾವ ಹೇಳಿದ್ರಲ್ಲ ನಿನ್ನಿಂದ ಆಗಿದ್ದಲ್ಲ ಅಂತ" ಎಂದು ಗೋಡೆಯ ಕಡೆ ತಿರುಗಿ ಮಲಗಿದಳು.

ಅವಳು ಹೋದ ಮೇಲೆ, ವೈಕುಂಠ ಸಮಾರಾಧನೆ ಮುಗಿದು, ಅವಳ ಪೆಟ್ಟಿಗೆಯನ್ನು ನಾನೇ ತೆಗೆಯಬೇಕಾಯಿತು. ಭಾವನವರ ಕಾಗದಗಳ ಜೊತೆ ಇಂಗ್ಲಿಷಿನಲ್ಲಿ ಬೆರಳಚ್ಚು ಮಾಡಿದ ಒಂದು ಹಾಳೆಯಿತ್ತು. ಅಕ್ಕನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಗಂಡನ ಹೆಸರಿಗೆ ಬಂದ ಕಾಗದವೆಂದು ಇಟ್ಟುಕೊಂಡಿದ್ದಳು. ಓದಿ ಹೇಳು ಎಂದು ನನ್ನನ್ನು ಕೇಳಿರಲಿಲ್ಲ. ಅದು ಬೆಂಗಳೂರಿನ ಅಂಗಡಿಯವರ ಜವಾಬು. ಅದರ ಮಾತು ಇಷ್ಟು: ತಾವು ಮೇ ಮೂರನೆಯ ತಾರೀಖಿನ ಕಾಗದದಲ್ಲಿ ಕೇಳಿರುವ ನಲವತ್ತರ ಪಿಸ್ಟನ್ ನಮ್ಮಲ್ಲಿ ಉಳಿದಿಲ್ಲ, ಯುದ್ಧ ಮುಗಿಯುವವರೆಗೆ ಬರುವ ಸೂಚನೆಯೂ ಇಲ್ಲ, ಇಪ್ಪತ್ತರದು ಒಂದು ಇದೆ, ಒಪ್ಪಿಗೆಯಿದ್ದರೆ ಕೂಡಲೇ ತಿಳಿಸತಕ್ಕದ್ದು.

ನಾನು ಬರೆದು ಅಂಚೆಪೆಟ್ಟಿಗೆಗೆ ಹಾಕಿದ ಕಾಗದದ ತಾರೀಖು ಏಪ್ರಿಲ್ ೧೮, ಅದರಲ್ಲಿ ಕೇಳಿದ್ದು ಇಪ್ಪತ್ತರದು. ಮೇ ಮೂರರಂದು ನಾನು ಕೋಲಾರದಲ್ಲಿದ್ದೆ. ಜವಾಬಿನಲ್ಲಿ ನನ್ನ ಕಾಗದದ ಪ್ರಸ್ತಾಪವೇ ಇಲ್ಲ. ನಾನು ಹೊರಟ ಮೇಲೆ ಭಾವ ಮತ್ತೆ ಸಿಲಿಂಡರಿನೊಳಗೆ ಕೈಯಿಟ್ಟು, ಯಾರಿಂದಲೋ ಇನ್ನೊಂದು ಕಾಗದ ಬರೆಸಿ, ನಲವತ್ತರದು ಸಿಗದೆ ಇಪ್ಪತ್ತರದಕ್ಕೇ ಒಪ್ಪಿದ್ದಿರಬಹುದು. ಹಾಗಿದ್ದರೆ ಬೌರಿಂಗ್‌ಪೇಟೆಯ ಬೀದಿಯಲ್ಲಿ ಅವರು ನನಗೆ ಹೇಳಿದ್ದು ಸಮಾಧಾನವಲ್ಲ, ನಡೆದ ಸಂಗತಿ. ಅಥವಾ ಅಂಗಡಿಯ ಬೆರಳಚ್ಚಿನವನು ಬೇರೊಬ್ಬರ ತಾರೀಖನ್ನೂ ಅಳತೆಯನ್ನೂ ಈ ಹಾಳೆಯಲ್ಲಿ ಸೇರಿಸಿದ್ದಿರಬಹುದು. ಎರಡನೆಯ ಕಾಗದದ ನಕಲಿಗಾಗಿ ಪೆಟ್ಟಿಗೆಯನ್ನು ತಳದವರೆಗೂ ಹುಡುಕಿದೆ, ಸಿಗಲಿಲ್ಲ. ಭಾವ ನನ್ನ ಅಂಕಿಯನ್ನು ಒಪ್ಪಿ ಇಪ್ಪತ್ತರದನ್ನು ತರಿಸಿದರೆಂದು ಈವರೆಗೆ ನಾನು ಹೇಳಿಕೊಂಡು ಬಂದದ್ದನ್ನು ಈ ಜವಾಬು ಅನುಮಾನಕ್ಕೆ ಈಡುಮಾಡುತ್ತದೆ. ಇದನ್ನು ಓದಿ ಹೇಳಿದರೆ ಕೇಳಬೇಕಾಗಿದ್ದ ಅಕ್ಕ ಈಗ ಇಲ್ಲ.